ಬಿರಾದಾರರ ಮಣಿಕಟ್ಟು

ನನ್ನ ಕಸುಬೇ ಅವಸರದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೆ ನನ್ನ ಮೇಲೆ ಒಂದಿಷ್ಟು ಕರುಣೆ ಹುಟ್ಟೀತು ಎಂಬ ಆಸೆ ನನಗಿದೆ. ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ, ಒಂದು ಟಿಫಿನ್ ಸೆಂಟರಿನ ಮೇಲಿನ ಮಹಡಿಯಲ್ಲಿ, ಹುಡುಗರಿಗೆ ಕಂಪ್ಯೂಟರ್ ಭಾಷೆ ಕಲಿಸುವುದು ನನ್ನ ಕೆಲಸ. ಊರಿನಲ್ಲಿ ಎಲ್ಲಿ ನೋಡಿದರೂ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಹುಡುಗರು ಬಸ್ಸಿನಿಂದ ಇಳಿದು, ಸೂಟ್‌ಕೇಸನ್ನು ಹಾಸ್ಟೆಲ್ಲಿನಲ್ಲಿ ಇಡುವ ಮೊದಲೇ ನಮ್ಮಲ್ಲಿಗೆ ಬಂದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: 'ಸಾರ್, ಎಷ್ಟು ದಿನದಲ್ಲಿ ಮುಗಿಯುತ್ತೆ?' ಕಾಲೇಜಿನಲ್ಲಿ ಒಂದು ವರ್ಷ ಹಿಡಿಯುವುದನ್ನು ನಾವು ಒಂದೂವರೆ ತಿಂಗಳಲ್ಲಿ ಮುಗಿಸುತ್ತಿದ್ದೆವು. ಎದುರಿನ ಕಟ್ಟಡದವರು ಒಂದೇ ತಿಂಗಳಲ್ಲಿ ಮುಗಿಸುತ್ತೇವೆಂದು ಬೋರ್ಡು ಬರೆಸಿದರು. ನಮ್ಮ ಮಾಲೀಕರು ನನ್ನನ್ನು ಕರೆದು, 'ಮಾಸ್ಟಾರು, ನೀವು ಇನ್ನೂ ಸ್ವಲ್ಪ ಬೇಗ ಮಾತಾಡಲು ಆಗುತ್ತದೆಯೇ?' ಎಂದು ವಿನಯದಿಂದ ಕೇಳಿದರು. ಆಗುತ್ತದೆ ಎಂದೆ. ಆಯಿತು ಕೂಡ.

ತೊಂದರೆಯೆಂದರೆ, ಆ ವೇಗವನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಮನೆಗೆ ಬರುವ ವ್ಯವಸ್ಥೆ ಇರಲಿಲ್ಲ. ನಾನು ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ನನ್ನ ಹೆಂಡತಿ ಸುನಂದಾ ತನ್ನ ತಟ್ಟೆಗೆ ಪಲ್ಯ ಬಡಿಸಿಕೊಳ್ಳುತ್ತಿರುತ್ತಿದ್ದಳು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ ಮುಂದಿದ್ದವರನ್ನು ಬಲಗಡೆಯಿಂದ ದಾಟಿ ಹೋಗುತ್ತಿದ್ದೆ. ಒಮ್ಮೆ ಕಲಬುರಗಿಯಲ್ಲಿ ತಂಗಿಯ ಮಗಳ ಮದುವೆಯಲ್ಲಿ ಭಟ್ಟರು ಮಂತ್ರದ ನಡುವೆ ಉಸಿರು ತೆಗೆದುಕೊಂಡಾಗ ನಾನು 'ನೆಕ್ಸ್ಟ್' ಎಂದೆನಂತೆ. ನನಗೆ ನೆನಪಿಲ್ಲ. ಆದರೆ ವಿಡಿಯೋದಲ್ಲಿ ಇದೆ.

ಹೀಗಿರುವಾಗ ಒಂದು ದಿನ ಪಾಠ ಮಾಡುತ್ತಿದ್ದಂತೆ ಕಪ್ಪುಹಲಗೆ ಬಲಕ್ಕೆ ವಾಲಿತು. ಅದನ್ನು ನೆಟ್ಟಗೆ ಮಾಡಲು ಹೋಗಿ ನಾನು ಕೆಳಗೆ ಕುಳಿತೆ. ಹುಡುಗರು ಸೋಡಾ ತಂದುಕೊಟ್ಟರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಬಹಳ ಕಾಳಜಿಯಿಂದ, 'ಸಾರ್, ಈ ಚಾಪ್ಟರು ಇವತ್ತೇ ಮುಗಿಯುತ್ತಾ?' ಎಂದು ಕೇಳಿದಳು. ಸಂಜೆ ಸುನಂದಾ ನನ್ನನ್ನು ಮೆಹದಿಪಟ್ಟಣಂನ ನಮ್ಮ ಕಾಲೋನಿಯ ಡಾಕ್ಟರ್ ಸಾಹೇಬರ ಬಳಿ ಕರೆದುಕೊಂಡು ಹೋದಳು. ಅವರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಪಾದರಸ ಇಳಿಯುವುದನ್ನೇ ನೋಡುತ್ತ ಹುಬ್ಬೇರಿಸಿದರು. ಇನ್ನೊಮ್ಮೆ ಗಾಳಿ ತುಂಬಿದರು. ಆಮೇಲೆ, 'ಇತ್ತಾ ಗುಸ್ಸಾ ಕಾಯ್ಕು ಮಾಸ್ಟರ್ ಸಾಬ್?' ಎಂದರು. ಇಷ್ಟೊಂದು ಸಿಟ್ಟು ಯಾತಕ್ಕೆ ಎಂದು ಕೇಳಿದ ಮೊದಲ ಮನುಷ್ಯ ಅವರೇ. ನಾನು ಆ ಕ್ಷಣಕ್ಕೇ ಕಾದಿದ್ದವನಂತೆ ಬಿರಾದಾರರ ವಿಷಯ ಹೇಳಿದೆ.

ಮಾಣಿಕರಾವ್ ಬಿರಾದಾರರು ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯವರು. ಬೀದರ್ ಕಡೆಯವರು, ಬಟ್ಟೆ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲಿರುವವರು. ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ. ಹಾಗಾಗಿ ಜಗಳಕ್ಕೆ ಭಾಷೆಯ ಅಡ್ಡಿ ಇರಲಿಲ್ಲ. ನಾನು ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಸಣ್ಣ ಕಾರು ಕೊಂಡಾಗ ಸೆಲ್ಲಾರಿನಲ್ಲಿ, ಅಂದರೆ ಕಟ್ಟಡದ ತಳದಲ್ಲಿ ಗಾಡಿ ನಿಲ್ಲಿಸುವ ಕಡೆ, ನನಗೆ ಸಿಕ್ಕಿದ ಜಾಗದ ಬಲಕ್ಕೆ ಬಿರಾದಾರರ ಸ್ಕೂಟರು ನಿಂತಿತ್ತು. ಮೊಣಕಾಲು ನೋವಿನಿಂದ ಅವರು ಅದನ್ನು ಓಡಿಸುವುದು ಬಿಟ್ಟು ಬಹಳ ಕಾಲವಾಗಿತ್ತು. ಸ್ಕೂಟರಿನ ಮೇಲೆ ಧೂಳು ಕೂತು, ಆ ಧೂಳಿನಲ್ಲಿ ಮಕ್ಕಳು ಹೆಸರು ಬರೆದು, ಆ ಹೆಸರಿನ ಮೇಲೂ ಧೂಳು ಕೂತಿತ್ತು. ಕಾರು ನಿಲ್ಲಿಸಿದರೆ ನನ್ನ ಕಡೆಯ ಬಾಗಿಲು ಸ್ಕೂಟರಿಗೆ ತಾಗಿ ಗೇಣಿನಷ್ಟೂ ತೆರೆಯುತ್ತಿರಲಿಲ್ಲ. ನಾನು ಗೇರಿನ ಮೇಲಿಂದ ಕಾಲು ಎತ್ತಿ ದಾಟಿಸಿ, ಎಡಗಡೆಯ ಸೀಟಿಗೆ ಜರುಗಿ, ಆ ಬಾಗಿಲಿನಿಂದ ಹೊರಬರುತ್ತಿದ್ದೆ. ಮೊದಲ ವಾರದಲ್ಲೇ ಬಿರಾದಾರರಿಗೆ, 'ಸ್ಕೂಟರ್ ಸ್ವಲ್ಪ ಆಚೆ ತೆಗೀರಿ' ಎಂದೆ. ಬಹುಶಃ ಬೇಗ ಹೇಳಿದೆ. 'ಅದು ಅಲ್ಲೇ ಇರ್ತದ' ಎಂದರು ಅವರು. ಆಮೇಲೆ ನಾವು ಮಾತಾಡಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಇಬ್ಬರೂ ಗೋಡೆಯ ಸುಣ್ಣವನ್ನು ಪರೀಕ್ಷಿಸುತ್ತ ದಾಟುತ್ತಿದ್ದೆವು. ಸುನಂದಾ ಮತ್ತು ಬಿರಾದಾರರ ಹೆಂಡತಿ ಕಸ್ತೂರಿಬಾಯಿಯವರು ಮಾತ್ರ ಈ ಯುದ್ಧದ ಸುದ್ದಿಯೇ ಗೊತ್ತಿಲ್ಲದವರಂತೆ ಉಪ್ಪಿನಕಾಯಿಯ ಬಟ್ಟಲು, ಶೇಂಗಾದ ಹೋಳಿಗೆಗಳನ್ನು ಮೇಲೆ ಕೆಳಗೆ ಸಾಗಿಸುತ್ತಿದ್ದರು. ಶತ್ರುವಿನ ಮನೆಯ ಹೋಳಿಗೆ ನಾನೂ ತಿಂದಿದ್ದೇನೆ. ಚೆನ್ನಾಗಿತ್ತು ಎಂದು ಮಾತ್ರ ಹೇಳಿರಲಿಲ್ಲ.

ಇದನ್ನೆಲ್ಲ ಕೇಳಿದ ಡಾಕ್ಟರು ಒಂದು ಮಾತ್ರೆ ಬರೆದರು, ಉಪ್ಪು ಕಡಿಮೆ ಎಂದರು, ಆಮೇಲೆ ಕಾಲೋನಿಯ ಪಾರ್ಕಿನಲ್ಲಿ ಬೆಳಿಗ್ಗೆ ಒಬ್ಬ ಮೇಡಂ ತಾಯ್ ಚೀ ಕಲಿಸುತ್ತಾರೆ, ಹೋಗಿ ಎಂದರು. ಚೀನಾದ ವ್ಯಾಯಾಮ, ಬಹಳ ನಿಧಾನ, ರಕ್ತದೊತ್ತಡಕ್ಕೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ದಾರಿಯಲ್ಲಿ ಸುನಂದಾ ಕೇಳಿದಳು, "ಏನ್ರೀ ಅದು ತಾಯ್ ಚೀ ಅಂದ್ರ? ಯಾರೋ ತಾಯಿಗೆ ಛೀ ಅಂದಂಗ ಐತಿ."

"ವ್ಯಾಯಾಮ."

"ನಿಮಗ ಮನ್ಯಾಗ ವ್ಯಾಯಾಮ ಇಲ್ಲೇನು? ಅಟ್ಟದ ಮ್ಯಾಲಿನ ಡಬ್ಬಿ ಇಳಿಸಿಕೊಡ್ರಿ ಅಂತ ದೀಪಾವಳಿಯಿಂದ ಹೇಳಾಕತ್ತೀನಿ."

ಮೇಡಂ ಗಣಿತದ ಪ್ರೊಫೆಸರಾಗಿ ನಿವೃತ್ತರಾದವರು. ಸಿಂಗಪುರದಲ್ಲಿ ಮಗಳ ಮನೆಗೆ ಹೋಗಿ ಬರುತ್ತ, ಅಲ್ಲಿನ ಪಾರ್ಕಿನಲ್ಲಿ ಚೀನೀ ಅಜ್ಜಿಯರ ಜೊತೆ ನಿಂತು ಈ ವಿದ್ಯೆ ಕಲಿತಿದ್ದರಂತೆ. ಮೊದಲ ದಿನ ನಾನು ಹೋದಾಗ ಹತ್ತು ಹನ್ನೆರಡು ಜನ ಹುಲ್ಲಿನ ಮೇಲೆ, ಯಾರೋ 'ಸ್ಟ್ಯಾಚ್ಯೂ' ಎಂದು ಹೇಳಿ ಬಿಡಿಸಲು ಮರೆತು ಹೋದಂತೆ ನಿಂತಿದ್ದರು. ಹತ್ತಿರ ಹೋಗಿ ನೋಡಿದ ಮೇಲೆ ಅವರು ಚಲಿಸುತ್ತಿದ್ದಾರೆ ಎಂದು ತಿಳಿಯಿತು. ನಾನು ಮೇಡಂ ಅವರಿಗೆ ನಮಸ್ಕಾರ ಹೇಳಿ, ನನ್ನ ಹೆಸರು, ಕೆಲಸ, ರಕ್ತದೊತ್ತಡ ಮೂರನ್ನೂ ಒಂದೇ ಉಸಿರಿನಲ್ಲಿ ತಿಳಿಸಿ, ಇದು ಕಲಿಯಲು ಎಷ್ಟು ದಿನ ಬೇಕು ಎಂದೆ. ಅವರು ಮುಗುಳ್ನಕ್ಕು, ಅಭ್ಯಾಸ ಮಾಡಿದರೆ ಒಂದು ವರ್ಷದಲ್ಲಿ ಕೈಕಾಲು ಎಲ್ಲಿಡಬೇಕೆಂದು ತಿಳಿಯುತ್ತದೆ, ಆಮೇಲೆ ಕಲಿಯಲು ಶುರು ಮಾಡಬಹುದು ಎಂದರು. ನನ್ನ ಬಾಯಿಂದ ತಾನಾಗಿ, 'ಕ್ರ್ಯಾಶ್ ಕೋರ್ಸ್ ಇಲ್ಲವೇ ಮೇಡಂ?' ಎಂಬ ಮಾತು ಬಂತು. ಹಿಂದೆ ಯಾರೋ ಅಜ್ಜ ಸಮತೋಲ ತಪ್ಪಿ ಮುಂದಿನವರ ಭುಜ ಹಿಡಿದುಕೊಂಡರು.

ಮೊದಲ ಪಾಠ, ಎದೆಯ ಮುಂದೆ ಒಂದು ದೊಡ್ಡ ಕುಂಬಳಕಾಯಿ ಹಿಡಿದಂತೆ ಕೈಗಳನ್ನು ದುಂಡಗೆ ಮಾಡಿ ನಿಲ್ಲುವುದು. ಅಷ್ಟೇ. ನಾನು ನಿಂತೆ. ಮುಂದೇನು ಎಂದು ನೋಡಿದೆ. ಮುಂದೇನೂ ಇರಲಿಲ್ಲ. ಇಲ್ಲದ ಕುಂಬಳಕಾಯಿ ಇಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ದಿನ ಕಳೆದಂತೆ ಕುದುರೆಯ ಜೂಲು ಸವರುವುದು, ಕೊಕ್ಕರೆ ರೆಕ್ಕೆ ಬಿಚ್ಚುವುದು, ಕೈಗಳನ್ನು ಮೋಡದಂತೆ ತೇಲಿಸುವುದು ಎಲ್ಲ ಬಂದವು. ನನ್ನ ಕುದುರೆ ಎಲ್ಲರಿಗಿಂತ ಮೊದಲು ಬಾಚಿಸಿಕೊಂಡು ಮುಗಿದಿರುತ್ತಿತ್ತು. ಉಳಿದವರು ಇನ್ನೂ ರೆಕ್ಕೆ ಬಿಚ್ಚುತ್ತಿರುವಾಗ ನಾನು ಕೈಕಟ್ಟಿ ಬಸ್ ಸ್ಟಾಪಿನಲ್ಲಿ ನಿಂತವನ ಹಾಗೆ ಕಾಯುತ್ತಿದ್ದೆ. ಮೋಡಗಳ ಸರದಿಯಲ್ಲಂತೂ ನನ್ನ ಪಕ್ಕದವರು ಒಂದು ಮೋಡ ಮುಗಿಸುವುದರಲ್ಲಿ ನಾನು ಮಳೆಗಾಲ ಮುಗಿಸುತ್ತಿದ್ದೆ. ಮೇಡಂ ನನ್ನ ಬಳಿ ಬಂದು ಮೆಲ್ಲಗೆ, 'ತೊಂದರ ವದ್ದಂಡಿ' ಎನ್ನುತ್ತಿದ್ದರು. ತೆಲುಗಿನಲ್ಲಿ ತೊಂದರ ಎಂದರೆ ಅವಸರ. ಅವಸರ ಬೇಡ ಎಂದು ಅವರ ಮಾತಿನ ಅರ್ಥ. ಈ ಊರಿಗೆ ಬಂದು ಇಷ್ಟು ವರ್ಷವಾದರೂ ನನ್ನ ಕಿವಿಗೆ ಅದು ಮೊದಲು ಕನ್ನಡದಲ್ಲೇ ಬೀಳುತ್ತದೆ. ಹೀಗಾಗಿ ಪ್ರತಿದಿನ ಬೆಳಿಗ್ಗೆ ಒಬ್ಬ ಹಿರಿಯ ಹೆಣ್ಣುಮಗಳು ನನಗೆ ತೊಂದರೆ ಕೊಡಬೇಡಿ ಎಂದು ಕೇಳಿಕೊಂಡಂತೆ ಆಗಿ, ನಾನು 'ಸಾರಿ ಮೇಡಂ' ಎನ್ನುತ್ತಿದ್ದೆ. ಯೋಚಿಸಿದರೆ ಎರಡು ಭಾಷೆಗಳೂ ಸರಿಯಾಗಿಯೇ ಹೇಳುತ್ತಿದ್ದವು.

ಎರಡನೆಯ ತಿಂಗಳೋ ಮೂರನೆಯದೋ, ಒಂದು ಚಳಿಯ ಮುಂಜಾನೆ ನಾನು ಕೊಕ್ಕರೆಯಾಗಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಾಗ ಪಾರ್ಕಿನ ಗೇಟಿನಿಂದ ಮಂಗನ ಟೋಪಿ, ಉಣ್ಣೆಯ ಸ್ವೆಟರು, ಬಿಳಿ ಪೈಜಾಮಾ ಧರಿಸಿದ ಒಂದು ಆಕೃತಿ ಒಳಗೆ ಬಂತು. ನಡಿಗೆಯಿಂದಲೇ ಗುರುತು ಸಿಕ್ಕಿ ನನ್ನ ಎರಡನೆಯ ಕಾಲೂ ನೆಲಕ್ಕೆ ಬಂತು. ಬಿರಾದಾರರು ಮೇಡಂ ಬಳಿ ಹೋಗಿ, ಡಾಕ್ಟರ್ ಸಾಹೇಬರು ಕಳಿಸಿದ್ದಾರೆ, ರಕ್ತದೊತ್ತಡ, ಮನೆಯ ಮೇಲೆ ಒಬ್ಬ ಮನುಷ್ಯ ಇದ್ದಾನೆ, ಅವನಿಂದ, ಎಂದು ಹಿಂದಿಯಲ್ಲಿ ವಿವರಿಸುತ್ತಿದ್ದರು. ಆಮೇಲೆ ತಿರುಗಿ ನೋಡಿದರು. ಆ ಮನುಷ್ಯ ಅಲ್ಲೇ ಇದ್ದ.

ಡಾಕ್ಟರ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ವಿವರಿಸಿದರೆ ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ನನ್ನ ರೋಗಕ್ಕೆ ಬಿರಾದಾರರು ಕಾರಣ, ಬಿರಾದಾರರ ರೋಗಕ್ಕೆ ನಾನು ಕಾರಣ ಎಂದು ಇಬ್ಬರಿಂದಲೂ ಕೇಳಿಕೊಂಡು, ಇಬ್ಬರಿಗೂ ಒಂದೇ ಮಾತ್ರೆ ಬರೆದು, ಒಂದೇ ಪಾರ್ಕಿಗೆ ಕಳಿಸಿದ್ದರು. ಆಮೇಲೆ ಕೇಳಿದಾಗ ಅವರು, 'ಕಾಲೋನಿಯಲ್ಲಿ ಪಾರ್ಕು ಇರುವುದೇ ಒಂದು' ಎಂದರು. ಅಂತೂ ನಾನು ಸಾಲಿನ ಈ ತುದಿಯಲ್ಲಿ, ಬಿರಾದಾರರು ಆ ತುದಿಯಲ್ಲಿ ನಿಂತೆವು. ಕುದುರೆಗಳನ್ನು ಬಾಚುವಾಗ ಮುಖ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಬೇಕು. ನಾನು ಆ ದಿಕ್ಕಿನ ಕುದುರೆಗಳನ್ನು ಬಾಚುವುದನ್ನೇ ಬಿಟ್ಟೆ.

ತಾಯ್ ಚೀಯಲ್ಲಿ ಇಬ್ಬರು ಸೇರಿ ಮಾಡುವ ಒಂದು ಅಭ್ಯಾಸವಿದೆ. ಎದುರು ಬದುರು ನಿಂತು, ಒಬ್ಬರ ಮಣಿಕಟ್ಟಿಗೆ ಇನ್ನೊಬ್ಬರ ಮಣಿಕಟ್ಟು ತಾಗಿಸಿ, ಗಾಣ ತಿರುಗಿದಂತೆ ಕೈಗಳನ್ನು ಹಿಂದೆ ಮುಂದೆ ಸುತ್ತಿಸುವುದು. ಅವರು ಮುಂದೆ ಬಂದರೆ ನೀವು ಹಿಂದೆ ಸರಿಯಬೇಕು, ಅವರು ಸರಿದರೆ ನೀವು ಹಿಂಬಾಲಿಸಬೇಕು. ನೂಕಬಾರದು, ಎಳೆಯಬಾರದು, ಕೈ ಬಿಡಲೂ ಬಾರದು. ಮೇಡಂ ಜೋಡಿಗಳನ್ನು ಎತ್ತರ ನೋಡಿ ಮಾಡಿದರು. ಆ ಗುಂಪಿನಲ್ಲಿ ನನ್ನ ಎತ್ತರದವರು ಒಬ್ಬರೇ ಇದ್ದರು.

ಇಬ್ಬರೂ ಮೇಡಂ ಮುಖ ನೋಡಿದೆವು. ಕಾಲೇಜಿನಲ್ಲಿ ಜೀವನವಿಡೀ ಹುಡುಗರನ್ನು ಬೇಕಾದ ಬೆಂಚಿನಲ್ಲಿ ಕೂರಿಸಿದ ಮುಖ ಅದು. ಅಲ್ಲಿ ವಿನಾಯಿತಿ ಕಾಣಲಿಲ್ಲ. ನಾನು ಕೈ ಚಾಚಿದೆ. ಬಿರಾದಾರರು, ಬಿಸಿ ದೋಸೆ ಹಂಚನ್ನು ಮುಟ್ಟುವವರಂತೆ, ತಮ್ಮ ಮಣಿಕಟ್ಟನ್ನು ನನ್ನದಕ್ಕೆ ತಾಗಿಸಿದರು. ಅವರ ಕೈ ತಣ್ಣಗಿತ್ತು. ನನ್ನದು ಬಡಿದುಕೊಳ್ಳುತ್ತಿತ್ತು. ಸುತ್ತಲು ಶುರು ಮಾಡಿದೆವು. ಸ್ವಲ್ಪ ಹೊತ್ತಿನ ಮೇಲೆ, ಮಾತು ಬಿಟ್ಟ ದಿನದಿಂದ ಮೊದಲ ಬಾರಿಗೆ, ಬಿರಾದಾರರ ದನಿ ನನ್ನ ಕಡೆಗೆ ತಿರುಗಿತು.

"ಮಾಸ್ತರ್, ನೀವು ನೂಕ್ಲಾಕತ್ತೀರಿ."

"ನಾನು ನೂಕ್ತಿಲ್ಲ. ನಿಮ್ಮ ಕೈನೇ ಹಿಂದ ಹೋಗಾಕತ್ತೈತಿ."

"ನಂದು ಹೋಗ್ಲಾಕತ್ತಿಲ್ಲ. ಅದು ಅಲ್ಲೇ ಅದ."

"ಅಲ್ಲೇ ಇರೂದಲ್ಲರಿ ಇದು. ಸರೀಬೇಕು."

"ಎಷ್ಟ್ ಸರೀಬೇಕು? ಸರದು ಸರದು ಮನೀ ತಂಕ ಹೋಗ್ಲೇನು?"

ಇದು ಇನ್ನು ತಾಯ್ ಚೀಯ ವಿಷಯವಾಗಿ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಮೇಡಂ ಅಷ್ಟರಲ್ಲಿ ನಮ್ಮ ಪಕ್ಕ ಬಂದು, ನಮ್ಮಿಬ್ಬರ ಮಣಿಕಟ್ಟುಗಳು ಎಷ್ಟು ಚೆನ್ನಾಗಿ ಅಂಟಿಕೊಂಡಿವೆ ನೋಡಿ ಎಂದು ಉಳಿದವರಿಗೆ ತೋರಿಸಿದರು. ಬಿಟ್ಟರೆ ಸೋತಂತೆ ಎಂದು ನಾವು ಒಬ್ಬರನ್ನೊಬ್ಬರು ಒತ್ತಿ ಹಿಡಿದಿದ್ದೆವು ಎಂಬುದು ಅವರಿಗೆ ತಿಳಿಯಲಿಲ್ಲ. ಅಂದಿನಿಂದ ಕೊನೆಯ ಹತ್ತು ನಿಮಿಷ ನನ್ನದೂ ಬಿರಾದಾರರದೂ ಜೋಡಿ. ಪ್ರತಿ ಬೆಳಿಗ್ಗೆ ಕಣ್ಣು ಅರ್ಧ ಮುಚ್ಚಿ, ಉಸಿರು ನಿಧಾನ ಮಾಡಿ, ಮುಖದಲ್ಲಿ ಬುದ್ಧನ ಶಾಂತಿ ತಂದುಕೊಂಡು, ನಾವು ಸ್ಕೂಟರಿನ ಜಗಳ ಆಡುತ್ತಿದ್ದೆವು. ಆಮೇಲೆ ಬೇರೆ ಬೇರೆ ಗೇಟಿನಿಂದ ಮನೆಗೆ ಹೋಗುತ್ತಿದ್ದೆವು. ಮೆಟ್ಟಿಲಲ್ಲಿ ಸಿಕ್ಕರೆ ಮತ್ತೆ ಸುಣ್ಣ ನೋಡುವುದು.

ಒಂದು ಸಂಗತಿಯನ್ನು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ದಿನಾ ಒಬ್ಬ ಮನುಷ್ಯನ ಮಣಿಕಟ್ಟು ಹಿಡಿದರೆ ಅವನ ಬಗ್ಗೆ ಬೇಡದ ವಿಷಯಗಳು ತಿಳಿದುಬರುತ್ತವೆ. ಬಿರಾದಾರರು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲವೆಂದರೆ ಅವರ ಕೈ ಭಾರವಾಗಿರುತ್ತಿತ್ತು. ಕೆಲವು ದಿನ ಮೊಣಕಾಲು ಹಿಂದಕ್ಕೆ ಬರಲು ಒಪ್ಪುತ್ತಿರಲಿಲ್ಲ. ಆಗ ನಾನು ಮುಂದೆ ಹೋಗುವುದನ್ನು ಸ್ವಲ್ಪ ಕಡಿಮೆ ಮಾಡುತ್ತಿದ್ದೆ. ಕರುಣೆಯಿಂದಲ್ಲ. ಬಿದ್ದರೆ ನನ್ನ ಮೇಲೆ ಹೇಳುತ್ತಾರೆ ಎಂದು. ಅವರೂ ಒಂದು ದಿನ ಕೈ ಸುತ್ತುತ್ತಲೇ, "ನಿನ್ನಿ ಕ್ಲಾಸಿನ್ಯಾಗ ಭಾಳ ಒದರೀರಿ ಕಾಣ್ತದ. ನಾಡಿ ಓಡ್ಲಾಕತ್ತದ" ಎಂದರು. ಹೌದು ಎಂದೆ. ಆ ಕ್ಷಣ ಒಂದು ಸುತ್ತು ಸರಿಯಾಗಿ ಬಂತು, ಯಾರೂ ನೂಕಲಿಲ್ಲ. ಇಬ್ಬರಿಗೂ ಮುಜುಗರವಾಗಿ ಮುಂದಿನ ಸುತ್ತಿನಲ್ಲಿ ಸರಿಪಡಿಸಿಕೊಂಡೆವು.

ಸೆಲ್ಲಾರಿನಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಹಾಳಾಗುವ ಕಡೆಗೆ. ಒಂದು ವಾರ ಸ್ಕೂಟರಿನ ಹಿಂದಿನ ಚಕ್ರ ನನ್ನ ಕಾರಿನ ಹಿಂಭಾಗಕ್ಕೆ ಅಡ್ಡವಾಗಿ ಚಾಚಿಕೊಂಡು ನಿಂತಿತು. ಕಸ ಗುಡಿಸುವಾಗ ಯಾರೋ ಸರಿಸಿದ್ದಿರಬಹುದು, ಬಿರಾದಾರರೇ ಇರಬಹುದು. ಹ್ಯಾಂಡಲ್ ಲಾಕ್ ಆಗಿತ್ತು. ಕೇಳುವುದಕ್ಕೆ ನಾನು ಹೋಗಲಿಲ್ಲ. ಆ ವಾರ ಬಸ್ಸಿನಲ್ಲಿ ಅಮೀರ್‌ಪೇಟ್‌ಗೆ ಹೋದೆ. ಬಾಗಿಲಿಗೆ ಜೋತುಬಿದ್ದು ಹೋಗುತ್ತ, ಬಿರಾದಾರರಿಗೆ ಎಂಥ ಪಾಠ ಕಲಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ.

ಆ ವಾರದ ಕೊನೆಯ ಮುಂಜಾನೆ, ನಾವು ಮಣಿಕಟ್ಟು ತಾಗಿಸಿ ನಿಂತಿದ್ದಾಗ, ಸುನಂದಾ ಪಾರ್ಕಿನ ಬೇಲಿಯ ಆಚೆಯಿಂದಲೇ ಕೂಗಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ರೀ, ಲಗೂನ ಬರ್ರಿ! ಬಿರಾದಾರ ಅಣ್ಣಾರ, ವೈನಿಗೆ ಉಸಿರು ಸಿಗವಲ್ದು!"

ಬಿರಾದಾರರ ಕೈ ನನ್ನ ಕೈಯಲ್ಲಿ ಒಮ್ಮೆಲೇ ಹಗುರವಾಯಿತು. ಅಷ್ಟು ತಿಂಗಳಿಂದ ಕಲಿತದ್ದೆಲ್ಲವನ್ನೂ ಇಬ್ಬರೂ ಹುಲ್ಲಿನ ಮೇಲೆ ಬಿಟ್ಟು ಓಡಿದೆವು. ಮೊಣಕಾಲು ನೋವಿನ ಮನುಷ್ಯ ನನಗಿಂತ ಎರಡು ಹೆಜ್ಜೆ ಮುಂದೆ ಇದ್ದರು. ಮನೆಯಲ್ಲಿ ಕಸ್ತೂರಿಬಾಯಿಯವರು ಅಡುಗೆಮನೆಯ ಬಾಗಿಲಲ್ಲಿ ಕುಳಿತು, ಚೌಕಟ್ಟನ್ನು ಹಿಡಿದುಕೊಂಡು, ಉಸಿರನ್ನು ಎಲ್ಲೋ ದೂರದಿಂದ ಎಳೆದು ತರುತ್ತಿದ್ದರು. ಪ್ರತಿ ಉಸಿರಿಗೂ ಸಣ್ಣ ಸಿಳ್ಳು. ಮುಖದ ಬಣ್ಣ ಹೋಗಿತ್ತು. ಮೆಣಸಿನಕಾಯಿ ಹುರಿದ ಘಾಟು ಮನೆಯಲ್ಲೆಲ್ಲ ತುಂಬಿತ್ತು. ಮೊದಲಿನಿಂದ ದಮ್ಮು ಇದ್ದದ್ದು, ಹೀಗೆ ಎಂದೂ ಆಗಿರಲಿಲ್ಲ. ಮೇಲೆ ಹತ್ತಿ ಬಂದು ನಮ್ಮ ಬಾಗಿಲು ತಟ್ಟುವಷ್ಟು ಶಕ್ತಿ ಇರದೆ ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಬಡಿದು ಸದ್ದು ಮಾಡಿದ್ದರಂತೆ. ಸುನಂದಾಳಿಗೆ ಅದು ಕೇಳಿಸಿತ್ತು.

ನಾವು ಅವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಸೆಲ್ಲಾರಿಗೆ ಇಳಿಸಿದೆವು. ಅಲ್ಲಿ ಕಾರು ಇತ್ತು. ಅದರ ಹಿಂದೆ ಸ್ಕೂಟರು ಇತ್ತು.

"ಚಾವಿ!" ಎಂದೆ ನಾನು.

ಬಿರಾದಾರರು ಎರಡೂ ಜೇಬು ತಡಕಿದರು. "ಚಾವಿ... ಎಲ್ಲಿಟ್ಟೀನೋ ಮಾಸ್ತರ್... ವರ್ಷಾತು ನೋಡಿಲ್ಲ ಅದನ್ನ." ನಾನು ಹ್ಯಾಂಡಲ್ ಹಿಡಿದೆ, ಅವರು ಹಿಂದಿನ ಸೀಟಿನ ಕೆಳಗೆ ಕೈ ಹಾಕಿದರು. ಒಂದು ಎರಡು ಮೂರು ಎಂದು ಯಾರೂ ಎಣಿಸಲಿಲ್ಲ. ಇಬ್ಬರೂ ಬೈದುಕೊಳ್ಳುತ್ತ ಎತ್ತಿದೆವು. ಯಾರನ್ನು ಬೈದೆವೋ ಗೊತ್ತಿಲ್ಲ. ಸ್ಕೂಟರು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ, ನನ್ನ ಕಾರಿನ ಕನ್ನಡಿಯನ್ನು ಕಿತ್ತುಕೊಂಡು, ತನ್ನ ಹಳೆಯ ಜಾಗದ ಕಂಬಕ್ಕೇ ಒರಗಿ ಬಿತ್ತು. ಹಿಂದಿನ ದಿನ ಆ ಕನ್ನಡಿಗೆ ಒಂದು ಗೀರು ಬಿದ್ದಿದ್ದರೂ ನಾನು ಅಸೋಸಿಯೇಷನ್ನಿನ ಸಭೆ ಕರೆಸುತ್ತಿದ್ದೆ. ಅಂದು ಅದನ್ನು ತುಳಿದುಕೊಂಡೇ ಕಾರು ಹತ್ತಿದೆ. ಬಿರಾದಾರರು ಹೆಂಡತಿಯನ್ನು ಎದೆಗೆ ಒರಗಿಸಿಕೊಂಡು ಹಿಂದೆ ಕುಳಿತರು. ಸುನಂದಾ ಕಿಟಕಿಗಳನ್ನೆಲ್ಲ ಇಳಿಸಿದಳು. ಮೆಹದಿಪಟ್ಟಣಂ ಬಸ್ಸುಗಳ ನಡುವೆ ನಾನು ನುಗ್ಗಿಸುತ್ತಿರುವಾಗ ಹಿಂದಿನಿಂದ ದನಿ ಬಂತು:

"ಮಾಸ್ತರ್, ಜರಾ ಜೋರ್ ಹೊಡೀರಿ."

ಬೇಗ ಹೋಗು ಎಂದು ನನ್ನ ಮಾಲೀಕರನ್ನು ಬಿಟ್ಟರೆ ಯಾರೂ ನನಗೆ ಹೇಳಿದವರಲ್ಲ. ಆದರೆ ಅಂದು ಎಷ್ಟು ಬೇಗ ಹೋದರೂ ಸಾಕಾಗಲಿಲ್ಲ. ಸಿಗ್ನಲಿನ ಕೆಂಪು ದೀಪದ ಮುಂದೆ ನಿಂತಾಗ ಹಿಂದಿನಿಂದ ಆ ಸಿಳ್ಳು ಕೇಳಿಸುತ್ತಿತ್ತು. ಅದು ನಿಂತರೆ ಏನು ಎಂದು ಹೆದರಿ, ಕೇಳಿಸುತ್ತಲೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಸುನಂದಾ ಜೊತೆಗೆ ಹೋದಳು. ನಾನೂ ಬಿರಾದಾರರೂ ಹೊರಗೆ ಬೆಂಚಿನ ಮೇಲೆ ಕುಳಿತೆವು. ಅವರ ತಲೆಯ ಮೇಲೆ ಇನ್ನೂ ಮಂಗನ ಟೋಪಿ ಇತ್ತು. ನನ್ನ ಒಂದು ಕಾಲಿನಲ್ಲಿ ಬೂಟು ಇರಲಿಲ್ಲ. ನರ್ಸ್ ಒಬ್ಬಳು ಬಾಗಿಲು ತೆರೆದು ಯಾರನ್ನೋ ಕರೆದಾಗ ಬಿರಾದಾರರು ನನ್ನ ಮಣಿಕಟ್ಟು ಹಿಡಿದರು. ಬೇರೆ ಯಾರನ್ನೋ ಕರೆದದ್ದು ಎಂದು ತಿಳಿದ ಮೇಲೂ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಆ ದಿನ ಮೇಡಂ ನೋಡಿದ್ದರೆ ಏನಾದರೂ ಹೇಳುತ್ತಿದ್ದರೋ ಏನೋ.

ಕೊನೆಗೆ ಬಿರಾದಾರರೇ ಮಾತಾಡಿದರು. "ಆ ಸ್ಕೂಟರ್ ನಾ ಮಾರಬೇಕಂತ ಇದ್ದೆ ಮಾಸ್ತರ್. ನೀವು ಕಾರ್ ತರೂಕಿಂತ ಮುಂಚೇನೇ ಮೆಕ್ಯಾನಿಕ್‌ಗ ಹೇಳಿದ್ದೆ, ಬಂದು ಒಯ್ಯಂತ."

"ಮತ್ತ ಯಾಕ ಮಾರಲಿಲ್ಲರಿ?"

"ನೀವು ತಗೀರಿ ಅಂದ್ರಲ್ಲ." ಅವರು ನನ್ನ ಮುಖ ನೋಡಿದರು. "ತಗೀರಿ ಅಂದ ಮ್ಯಾಲ ಹ್ಯಾಂಗ ತಗೀಲಿ?"

ನನಗೆ ಅದು ಪೂರ್ತಿ ಅರ್ಥವಾಯಿತು. ಯಾಕೆಂದರೆ ನನ್ನಲ್ಲೂ ಒಂದು ಮಾತು ಇತ್ತು. ಕಾರನ್ನು ಮೂತಿ ಮುಂದೆ ಮಾಡಿ ನಿಲ್ಲಿಸುವ ಬದಲು ರಿವರ್ಸಿನಲ್ಲಿ ಒಳಗೆ ತಂದು ನಿಲ್ಲಿಸಿದ್ದರೆ ನನ್ನ ಬಾಗಿಲು ಖಾಲಿ ಇದ್ದ ದಾರಿಯ ಕಡೆಗೆ ಬರುತ್ತಿತ್ತು. ಗೇರು ದಾಟುವ ಕಷ್ಟವೇ ಇರುತ್ತಿರಲಿಲ್ಲ. ಇದು ನನಗೆ ಎರಡನೆಯ ದಿನವೇ ಹೊಳೆದಿತ್ತು. ಆದರೆ ಹಾಗೆ ಮಾಡಿದರೆ ಸ್ಕೂಟರು ಅಲ್ಲಿರಬಹುದೆಂದು ನಾನು ಒಪ್ಪಿಕೊಂಡಂತೆ ಆಗುತ್ತಿತ್ತು. ಅದನ್ನು ಬಿರಾದಾರರಿಗೆ ಹೇಳಿದೆ. ಅವರು, "ಹೌದಲ್ಲ. ನನಗೂ ಅನ್ನಿಸಿತ್ತು. ಇಷ್ಟು ಓದಿದ ಮನುಷ್ಯಾಗ ಯಾಕ ಹೊಳೀವಲ್ದಂತ ನಮ್ಮ ಮನ್ಯಾಕೀಗೂ ಹೇಳಿದ್ದೆ" ಎಂದರು.

ಮಧ್ಯಾಹ್ನದ ಹೊತ್ತಿಗೆ ಕಸ್ತೂರಿಬಾಯಿಯವರು ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕು ತೆಗೆಸಿಕೊಂಡು ಮಾತಾಡುವಷ್ಟಾದರು. ಅವರು ಕೇಳಿದ ಮೊದಲ ಪ್ರಶ್ನೆ, ಒಲೆ ಆರಿಸಿದಿರಾ ಎಂದು. ಎರಡನೆಯದು, ಗಂಡನ ಪಕ್ಕದಲ್ಲಿ ನನ್ನನ್ನು ನೋಡಿ, "ಇವರಿಬ್ಬರೂ ಕೂಡೇ ಕೂತಾರಲ್ಲ, ನನಗೇನು ಭಾಳ ಸೀರಿಯಸ್ ಆಗಿತ್ತೇನು?" ಎಂದು.

ಅವರು ಮನೆಗೆ ಬಂದ ಮರುದಿನ ನಾನು ಬೇಗ ಎದ್ದು ಸೆಲ್ಲಾರಿಗೆ ಹೋಗಿ, ಕಾರನ್ನು ಹೊರಗೆ ತೆಗೆದು, ಹಿಂದು ಮುಂದಾಗಿ ತಂದು ನಿಲ್ಲಿಸಿ, ಇಡೀ ಬಾಗಿಲು ತೆರೆದು, ಗಂಡಸಿನಂತೆ ಇಳಿದೆ. ಬಿರಾದಾರರಿಗೆ ಹೇಳಲಿಲ್ಲ, ತಾವಾಗಿಯೇ ನೋಡಲಿ ಎಂದುಕೊಂಡೆ. ಪಾರ್ಕಿನ ತಾಯ್ ಚೀ ಮುಗಿಸಿ, ಸ್ನಾನ ಮುಗಿಸಿ, ಅಮೀರ್‌ಪೇಟ್‌ಗೆ ಹೊರಡಲು ಕೆಳಗೆ ಬಂದರೆ ಸ್ಕೂಟರು ಇದ್ದ ಜಾಗ ಖಾಲಿ. ಬಿರಾದಾರರೂ ನನಗೆ ಹೇಳದೆ, ವಾಚ್‌ಮನ್ ಸಹಾಯದಿಂದ ಅದನ್ನು ಎತ್ತಿಸಿ ಆಚೆ ಬದಿಗೆ ಇಡಿಸಿದ್ದರು. ಅಂದರೆ, ಕಾರು ತಿರುಗಿ ನಿಂತಿದ್ದರಿಂದ, ಸರಿಯಾಗಿ ನನ್ನ ಬಾಗಿಲಿಗೆ. ಅದು ಗೇಣಿನಷ್ಟೂ ತೆರೆಯಲಿಲ್ಲ. ನಾನು ಎಡಗಡೆಯ ಬಾಗಿಲಿನಿಂದ ಹತ್ತಿ, ಗೇರಿನ ಮೇಲಿಂದ ಕಾಲು ದಾಟಿಸುತ್ತಿರುವಾಗ ಬಿರಾದಾರರು ಮೆಟ್ಟಿಲಿಳಿದು ಬಂದರು. ಇಬ್ಬರೂ ಸ್ಕೂಟರನ್ನು ನೋಡಿದೆವು. ಕಾರನ್ನು ನೋಡಿದೆವು. ಅವರು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ನಗಲು ಸಾಧ್ಯವಿರಲಿಲ್ಲ. ಒಂದು ಕಾಲು ಸ್ಟಿಯರಿಂಗಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಅದೇ ವಾರ ಮೆಕ್ಯಾನಿಕ್ ಬಂದು ಸ್ಕೂಟರನ್ನು ಒಯ್ದ.

ಈಗ ನಾವಿಬ್ಬರೂ ಒಂದೇ ಗೇಟಿನಿಂದ ಪಾರ್ಕಿಗೆ ಹೋಗಿ ಒಂದೇ ಗೇಟಿನಿಂದ ಬರುತ್ತೇವೆ. ಕಸ್ತೂರಿಬಾಯಿಯವರು ಬೆಂಚಿನ ಮೇಲೆ ಕುಳಿತು ಉಸಿರಾಟದ ಭಾಗ ಮಾತ್ರ ಮಾಡುತ್ತಾರೆ. ನನ್ನ ಕುದುರೆ ಈಗಲೂ ಉಳಿದವರದಕ್ಕಿಂತ ಮುಂದಿರುತ್ತದೆ, ಆದರೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಪಾಠದ ವೇಗ ಕೂಡ ನನಗೇ ತಿಳಿಯದಂತೆ ಇಳಿದಿದೆ. ಹುಡುಗರಿಗೆ ಈಗ ಅರ್ಥವಾಗುತ್ತಿದೆಯಂತೆ. ಅರ್ಥವಾಗುತ್ತಿರುವುದರಿಂದ ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಕೇಳುವುದರಿಂದ ಒಂದೂವರೆ ತಿಂಗಳಲ್ಲಿ ಮುಗಿಯುತ್ತಿಲ್ಲ. ಮಾಲೀಕರು ಮೊನ್ನೆ ನನ್ನ ಆರೋಗ್ಯದ ಬಗ್ಗೆ ಬಹಳ ಹೊತ್ತು ವಿಚಾರಿಸಿದರು.

ಹೋದ ವಾರ ನಾನೂ ಬಿರಾದಾರರೂ ಜೊತೆಯಾಗಿ ಡಾಕ್ಟರ ಬಳಿ ಹೋಗಿದ್ದೆವು. ಬಿರಾದಾರರದು ಏಕ್‌ದಮ್ ನಾರ್ಮಲ್, ಮಾತ್ರೆ ಅರ್ಧ ಮಾಡಿ ಎಂದರು. ನನ್ನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು, ಹುಬ್ಬೇರಿಸಿದರು, ಇನ್ನೊಮ್ಮೆ ತುಂಬಿದರು. ಸ್ವಲ್ಪ ಇಳಿದಿದೆ, ಆದರೆ ಇಳಿಯಬೇಕಾದಷ್ಟು ಇಳಿದಿಲ್ಲ. 'ಅಬ್ ಕಿಸ್ಕಾ ಗುಸ್ಸಾ ಮಾಸ್ಟರ್ ಸಾಬ್?' ಈಗ ಯಾರ ಮೇಲೆ ಸಿಟ್ಟು ಎಂದು ಕೇಳಿದರು. ಬಿರಾದಾರರು ಪಕ್ಕದ ಕುರ್ಚಿಯಿಂದ ನನ್ನನ್ನೇ ಆಸಕ್ತಿಯಿಂದ ನೋಡುತ್ತಿದ್ದರು. ನಾನು ಬಹಳ ಯೋಚಿಸಿದೆ. ಯಾರ ಹೆಸರೂ ಬಾಯಿಗೆ ಬರಲಿಲ್ಲ. ಹೆಸರೇ ಇಲ್ಲದೆ ರಕ್ತದೊತ್ತಡ ಇಟ್ಟುಕೊಂಡಿರುವುದು ಎಷ್ಟು ನಾಚಿಕೆಯ ವಿಷಯವೆಂದು ಆ ಕುರ್ಚಿಯಲ್ಲಿ ಕುಳಿತವರಿಗೇ ಗೊತ್ತು. ಮುಂದಿನ ತಿಂಗಳು ಹೇಳುತ್ತೇನೆ ಎಂದು ಎದ್ದು ಬಂದೆ.

ನಮ್ಮ ಮೇಲಿನ ಮಹಡಿಗೆ ಹೊಸದಾಗಿ ಒಂದು ಸಂಸಾರ ಬಂದಿದೆ. ಮಗ ತಬಲಾ ಕಲಿಯುತ್ತಿದ್ದಾನೆ ಎಂದು ಸುನಂದಾ ಹೇಳುತ್ತಿದ್ದಳು. ನಾನು ಇನ್ನೂ ಕೇಳಿಸಿಕೊಂಡಿಲ್ಲ. ಆದರೆ ಆಸೆ ಬಿಟ್ಟಿಲ್ಲ.